ಪ್ರಾಜೆಕ್ಟ್ ಬರೆಯುವುದು ಯಾರಿಗಾಗಿ?

ನಾವು ಬರೆಯುವ ಪ್ರಾಜೆಕ್ಟ್‌ಗಳನ್ನು ಓದುವವರು ಅಂಕ ಹಾಕುವ ಉಪನ್ಯಾಸಕರು ಮಾತ್ರ. ಪರೀಕ್ಷೆ ಮುಗಿದ ಮೇಲೆ ಅವು ಗುಜರಿಗೆ. ಅದೇ ಶ್ರಮವನ್ನು ಕನ್ನಡ ವಿಕಿಪೀಡಿಯಕ್ಕೆ ಹಾಕಬಾರದೇಕೆ? 2003ರಲ್ಲಿ ಆರಂಭವಾದ ಈ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ನಮ್ಮ ಗ್ರಂಥಾಲಯದಲ್ಲಿರುವ ಸಾರಾ ಅಬೂಬಕ್ಕರ್, ಬೊಳುವಾರು ಅವರ ಕೃತಿಗಳ ಬಗ್ಗೆಯೇ ಶುರು ಮಾಡೋಣ. ಆಧಾರ ಕೊಡದ ವಾಕ್ಯವನ್ನು ಎಲ್ಲೋ ಕುಳಿತ ಅಪರಿಚಿತರು ಅಳಿಸಿಬಿಡಬಹುದು. ನಕಲು ಮಾಡುವ ಚಾಳಿ ಬಿಡಿಸಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು!

ಹೆಣ್ಣುಮಕ್ಕಳ ಹೆಸರು, ಫೋಟೋ ಆನ್‌ಲೈನ್‌ಗೆ ಹೋಗುವುದು ಬೇಡ ಎನ್ನುವ ಮನೆಯವರ ಆತಂಕ ಸಹಜ. ಆದರೆ ಇಲ್ಲಿ ಫೋಟೋ ಬೇಕಿಲ್ಲ, ಅಡ್ಡಹೆಸರಿನಲ್ಲೇ ಬರೆಯಬಹುದು.

ಶನಿವಾರ ತರಗತಿ ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬ್ ತೆರೆದಿಟ್ಟು, ಜೊತೆಗೆ ಒಬ್ಬರು ಕನ್ನಡ ಉಪನ್ಯಾಸಕರನ್ನು ಕೊಡುವಂತೆ ಪ್ರಾಂಶುಪಾಲರಲ್ಲಿ ವಿನಂತಿ.