ಲೋಕಾಯುಕ್ತರ ಮನೆಯ ಲೆಕ್ಕ

ನಮ್ಮ ಸುಳ್ಯ ತಾಲೂಕಿನ ಮರ್ಕಂಜದಲ್ಲಿ ಪಂಚಾಯತಿ ಸದಸ್ಯನೊಬ್ಬ ಪಂಚಾಯತಿಯ ಗುತ್ತಿಗೆಯಲ್ಲಿ ಪರೋಕ್ಷವಾಗಿ ಪಾಲು ಹೊಂದಿದರೂ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಅನರ್ಹನಾಗುತ್ತಾನೆ. ಒಂದು ಮೋರಿಯ ಮಟ್ಟಿಗೆ ಇಷ್ಟು ನಿಷ್ಠುರವಾದ ಕಾನೂನು, ಉನ್ನತ ಹುದ್ದೆಗಳ ವಿಷಯದಲ್ಲಿ ಬಹುಪಾಲು ಆತ್ಮಸಾಕ್ಷಿಯನ್ನೇ ನೆಚ್ಚಿಕೊಂಡಿದೆ.

2011ರ ಸೆಪ್ಟೆಂಬರ್. ನಮ್ಮದೇ ತಾಲೂಕಿನ ಡಿ.ವಿ. ಸದಾನಂದ ಗೌಡರು ಆಗ ಮುಖ್ಯಮಂತ್ರಿ. ತಾವು ಮತ್ತು ಪತ್ನಿ ಗೃಹನಿರ್ಮಾಣ ಸಂಘಗಳಿಂದ ಪಡೆದ ನಿವೇಶನಗಳ ಬಗ್ಗೆ ಪ್ರಶ್ನೆ ಎದ್ದೊಡನೆ ಲೋಕಾಯುಕ್ತ ನ್ಯಾಯಮೂರ್ತಿ ಶಿವರಾಜ ಪಾಟೀಲರು, ಅಧಿಕಾರ ವಹಿಸಿಕೊಂಡ ಎರಡು ತಿಂಗಳೊಳಗೇ ರಾಜೀನಾಮೆ ಕೊಟ್ಟರು. ತಪ್ಪೆಸಗಿಲ್ಲವೆಂದೇ ಅವರು ಹೇಳಿದ್ದರು, ಆದರೂ ಹೊರನಡೆದರು.

2015ರಲ್ಲಿ ನಡೆದದ್ದೇ ಬೇರೆ. ದಾಳಿಯ ಭಯ ತೋರಿಸಿ ಅಧಿಕಾರಿಗಳಿಂದ ಹಣ ಕೇಳಿದ ಆರೋಪದಲ್ಲಿ ಲೋಕಾಯುಕ್ತ ವೈ. ಭಾಸ್ಕರ ರಾವ್ ಅವರ ಪುತ್ರ ಜುಲೈನಲ್ಲಿ ಬಂಧಿತರಾದರು. ತಂದೆಯ ರಾಜೀನಾಮೆ ಬಂದದ್ದು ಡಿಸೆಂಬರಿನಲ್ಲಿ, ಅದೂ ಪದಚ್ಯುತಿಗೆ ಶಾಸಕರು ಮುಂದಾದ ಮೇಲೆ. ಪ್ರಾಪ್ತ ವಯಸ್ಕ ಮಗನ ಕೃತ್ಯಕ್ಕೆ ತಂದೆ ಹೊಣೆಯೇ ಎಂದು ಕೇಳಿದವರುಂಟು. ಅಪರಾಧದ ಮಟ್ಟಿಗೆ ಅದು ನ್ಯಾಯಾಲಯದ ಪ್ರಶ್ನೆ. ಆದರೆ ಆರೋಪದ ಪ್ರಕಾರ ಅಲ್ಲಿ ಮಾರಾಟಕ್ಕಿದ್ದುದು ತಂದೆಯ ಹುದ್ದೆಯ ಭಯವೇ. ಆ ಐದು ತಿಂಗಳಲ್ಲಿ ಸಂಸ್ಥೆ ಕಳೆದುಕೊಂಡ ವಿಶ್ವಾಸವನ್ನು ಯಾವ ತೀರ್ಪೂ ತಂದುಕೊಡಲಾರದೆಂದೇ ನನ್ನ ಭಾವನೆ.

1984ರ ಲೋಕಾಯುಕ್ತ ಅಧಿನಿಯಮದಂತೆ ಸಚಿವರು, ಶಾಸಕರು ತಮ್ಮ ಹಾಗೂ ಕುಟುಂಬದವರ ಆಸ್ತಿಯ ವಿವರವನ್ನು ಪ್ರತಿವರ್ಷ ಲೋಕಾಯುಕ್ತರಿಗೆ ಸಲ್ಲಿಸಬೇಕು. ಲೋಕಾಯುಕ್ತರ ಮನೆಯ ಲೆಕ್ಕ ಕೇಳುವವರಾರು? ನೇಮಕದ ಸಮಾಲೋಚನೆಯಲ್ಲಿ ಪಾಲ್ಗೊಳ್ಳುವ ಮುಖ್ಯಮಂತ್ರಿ, ಮುಖ್ಯ ನ್ಯಾಯಮೂರ್ತಿ, ವಿರೋಧ ಪಕ್ಷದ ನಾಯಕರ ಮುಂದೆ ಅಭ್ಯರ್ಥಿಯ ಪತ್ನಿ, ಮಕ್ಕಳ ವ್ಯವಹಾರಗಳ ಲಿಖಿತ ವಿವರವಿರಲಿ. ನೇಮಕದ ದಿನವೇ ಅದು ಸಾರ್ವಜನಿಕರಿಗೂ ಸಿಗಲಿ.