ಗಿರಾಕಿಯಲ್ಲದವಳ ತಕರಾರು

ಕಂಪನಿಗಳಿಗೆ ಮಾತ್ರ ಸರಕು ಮಾರುವ ಕಂಪನಿಗಳದ್ದು ಒಂದು ಬೇರೆಯೇ ಜಾತಿ. ನಮ್ಮ ಮಿಕ್ಸಿಯೊಳಗಿನ ತಾಮ್ರದ ತಂತಿ, ಹಾಲಿನ ಪೊಟ್ಟಣದ ಪ್ಲಾಸ್ಟಿಕ್ ಹಾಳೆ, ಸ್ಕೂಟರಿನ ಬ್ರೇಕ್ ಕೇಬಲ್ಲು, ಇವನ್ನೆಲ್ಲ ಮಾಡುವವರು ಇವರೇ. ನಾವು ದಿನಾ ಬಳಸುತ್ತೇವೆ, ಅವರ ಹೆಸರು ನಮಗೆ ಗೊತ್ತಿಲ್ಲ. ಅವರಿಗೂ ನಮ್ಮ ಗೊಡವೆ ಬೇಡ. ಆದರೂ ಅಲ್ಲೊಂದು ಸಾರ್ವಜನಿಕ ಸಂಪರ್ಕ ವಿಭಾಗ ಇದ್ದೇ ಇರುತ್ತದೆ. ಸಾರ್ವಜನಿಕರೇ ಬೇಡವಾದ ಮೇಲೆ ಸಂಪರ್ಕ ಯಾರ ಜೊತೆಗೆ ಎಂದು ನೀವು ಕೇಳಬಹುದು. ನನ್ನ ತಕರಾರೂ ಅದೇ.

ಪೀಣ್ಯದ ಅಂಥದ್ದೊಂದು ಕಂಪನಿಯಲ್ಲಿ ನಾನು ಕೆಲವು ವರ್ಷ ದುಡಿದಿದ್ದೇನೆ. ನೀರೆತ್ತುವ ಪಂಪುಗಳ ಬಿಡಿಭಾಗ ಮಾಡಿ ಪಂಪಿನ ಕಂಪನಿಗಳಿಗೆ ಕೊಡುವುದು ಅವರ ವ್ಯಾಪಾರ. ಪತ್ರಿಕಾ ಪ್ರಕಟಣೆ, ವಸ್ತುಪ್ರದರ್ಶನದ ಕರಪತ್ರ ಬರೆಯುವುದು ನನ್ನ ಪಾಲಿನ ಕೆಲಸ. ಅಲ್ಲಿ ಬಿಡಿಭಾಗ ಎನ್ನುವ ಹಾಗಿಲ್ಲ, ‘ಸೊಲ್ಯೂಷನ್’ ಎನ್ನಬೇಕು. ಪಕ್ಕದ ಮನೆಯಾಕೆ “ನಿಮ್ಮ ಕಂಪನೀಲಿ ಏನ್ ಮಾಡ್ತಾರ್ರೀ?” ಎಂದು ಕೇಳಿದಾಗ “ಸೊಲ್ಯೂಷನ್” ಎಂದೆ. “ಸೈಕಲ್ ಪಂಕ್ಚರಿಗೆ ಹಚ್ತಾರಲ್ಲ, ಅದಾ?” ಎಂದರು. ನಮ್ಮ ಪ್ರಕಟಣೆ ಓದಿದ ಪತ್ರಕರ್ತರಿಗೂ ಅದಕ್ಕಿಂತ ಹೆಚ್ಚು ತಿಳಿಯುತ್ತಿತ್ತೆಂದು ನನಗೆ ನಂಬಿಕೆಯಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಒಮ್ಮೆ ಅರಸೀಕೆರೆ ಕಡೆಯ ಹೆಂಗಸೊಬ್ಬರ ಕಾಗದ ಬಂತು. ಅವರ ಪಂಪು ಒಂದೇ ವರ್ಷದಲ್ಲಿ ಎರಡು ಸಲ ಕೆಟ್ಟಿತ್ತು. ಒಡೆದ ತುಂಡಿನ ಮೇಲೆ ನಮ್ಮ ಕಂಪನಿಯ ಹೆಸರಿತ್ತು. ಪಂಪಿನ ಕಂಪನಿಯವರು ನಮ್ಮ ಕಡೆ ಕೈ ತೋರಿಸಿದ್ದರು. ನಾನು ನಾಲ್ಕು ಸಾಲಿನ ಉತ್ತರ ಬರೆದು ಮೇಲಿನವರ ಮುಂದಿಟ್ಟೆ. “ಇವರು ನಮ್ಮ ಗಿರಾಕಿಯಲ್ಲ” ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸು ಕಳಿಸಿದರು. ಉತ್ತರ ಹೋಗಲೇ ಇಲ್ಲ. ಒಣಗಿದ್ದು ಆಕೆಯ ತೋಟ, ಆದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಆಕೆ ಇರಲೇ ಇಲ್ಲ.

ಈ ರೋಗ ಪೀಣ್ಯದಲ್ಲಿ ಹುಟ್ಟಿದ್ದೇನಲ್ಲ. ಅಮೆರಿಕದ ಇಂಟೆಲ್ ಕಂಪನಿಯ ಕಥೆ ಕೇಳಿ. ಕಂಪ್ಯೂಟರಿನೊಳಗೆ ಕೂರುವ ಚಿಪ್ಪನ್ನು ಅದು ಮಾರುತ್ತಿದ್ದುದು ಕಂಪ್ಯೂಟರ್ ತಯಾರಕರಿಗೆ. 1991ರಿಂದ ‘ಇಂಟೆಲ್ ಇನ್‌ಸೈಡ್’ ಎಂಬ ಪ್ರಚಾರ ಶುರುಮಾಡಿ, ಒಳಗಿರುವುದು ನಮ್ಮದೇ ಎಂದು ಮನೆಮನೆಯ ಬಳಕೆದಾರರಿಗೂ ಸಾರಿತು. 1994ರಲ್ಲಿ ಅದರ ಪೆಂಟಿಯಮ್ ಚಿಪ್ಪು ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತದೆಂದು ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಹೊರಗೆಡವಿದರು. ಕಂಪನಿಗೆ ಅದು ಮೊದಲೇ ತಿಳಿದಿತ್ತು, ಹೇಳಿರಲಿಲ್ಲ ಅಷ್ಟೆ. ಸಿಕ್ಕಿಬಿದ್ದ ಮೇಲೆ ಅದು ಕೊಟ್ಟ ಸಮಾಧಾನವೇನು ಗೊತ್ತೆ? ಸಾಧಾರಣ ಬಳಕೆದಾರನಿಗೆ ಈ ತಪ್ಪು 27,000 ವರ್ಷಕ್ಕೊಮ್ಮೆ ಎದುರಾದೀತು! ನಿಮಗೆ ನಿಖರ ಲೆಕ್ಕ ಬೇಕೇಬೇಕೆಂದು ತೋರಿಸಿಕೊಟ್ಟರೆ ಮಾತ್ರ ಬದಲಿ ಚಿಪ್ಪು ಕೊಡುತ್ತೇವೆ!

ಅಂಗಡಿಯವನ ತಕ್ಕಡಿ ತಪ್ಪು ತೂಗುತ್ತದೆ ಎಂದಿಟ್ಟುಕೊಳ್ಳಿ. “ಅಮ್ಮಾ, ನೀವು ಒಯ್ಯೋದು ಕಾಲು ಕಿಲೋ ಬೇಳೆ, ನಿಮಗೆ ಇದು ಗೊತ್ತೇ ಆಗಲ್ಲ” ಎಂದು ಅವನು ಹೇಳಿದರೆ ನೀವು ಸುಮ್ಮನೆ ಬರುತ್ತೀರಾ? ಅಲ್ಲಿನ ಜನರೂ ಬರಲಿಲ್ಲ. ಡಿಸೆಂಬರ್ 12ರಂದು ದೊಡ್ಡ ಗಿರಾಕಿಯಾದ ಐಬಿಎಂ ಕಂಪನಿ ಆ ಚಿಪ್ಪಿರುವ ಕಂಪ್ಯೂಟರುಗಳ ಸರಬರಾಜು ನಿಲ್ಲಿಸಿತು. 20ರಂದು ಇಂಟೆಲ್ ಕ್ಷಮೆ ಕೇಳಿ, ಕೇಳಿದವರಿಗೆಲ್ಲ ಚಿಪ್ಪು ಬದಲಿಸಿ ಕೊಡುವುದಾಗಿ ಒಪ್ಪಿಕೊಂಡಿತು. ಅದಕ್ಕೆ ಲೆಕ್ಕಕ್ಕೆ ಬರೆದ ನಷ್ಟ 47 ಕೋಟಿ 50 ಲಕ್ಷ ಡಾಲರ್. ಒಂದು ನೇರ ಮಾತಿಗೆ ಇದರಲ್ಲಿ ಎಷ್ಟು ಪಾಲು ಖರ್ಚಾಗುತ್ತಿತ್ತು?

ಅಲ್ಲಿ ಹೋದದ್ದು ಹಣ. ಪ್ರಾಣ ಹೋದದ್ದೂ ಉಂಟು. ಬೋಯಿಂಗ್ ವಿಮಾನ ಮಾರುವುದು ವಿಮಾನಯಾನ ಕಂಪನಿಗಳಿಗೆ, ಒಳಗೆ ಕೂರುವ ನಾವು ಅದರ ಗಿರಾಕಿಗಳಲ್ಲ. ಅದರ 737 ಮ್ಯಾಕ್ಸ್ ವಿಮಾನದಲ್ಲಿ, ಕೆಲವು ಸಂದರ್ಭಗಳಲ್ಲಿ ತಾನಾಗಿಯೇ ಮೂತಿಯನ್ನು ಕೆಳಕ್ಕೆ ತಳ್ಳುವ ಒಂದು ವ್ಯವಸ್ಥೆಯಿತ್ತು. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ. 2018ರ ಅಕ್ಟೋಬರ್ 29ರಂದು ಇಂಡೊನೇಷ್ಯಾದಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು. ವಿಮಾನ ಸುರಕ್ಷಿತವಾಗಿಯೇ ಇದೆ ಎಂದು ಕಂಪನಿ ಹೇಳಿಕೆ ಕೊಟ್ಟಿತು. 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ ಇನ್ನೊಂದು ಬಿತ್ತು. ಎರಡರಲ್ಲೂ ಸೇರಿ ಸತ್ತವರು 346 ಜನ. ಆ ಹೇಳಿಕೆಯನ್ನೂ ಯಾರೋ ಒಬ್ಬರು ಕೂತು ಪದ ಪದ ತೂಗಿ ಬರೆದಿರಬೇಕಲ್ಲವೆ?

“ವ್ಯಾಪಾರದ ಗುಟ್ಟು ಬಿಟ್ಟುಕೊಡಬೇಕಾ?” ಎಂದು ನನ್ನ ಹಳೆಯ ಸಹೋದ್ಯೋಗಿಗಳು ಮುಖ ಕೆಂಪು ಮಾಡುತ್ತಾರೆ. ನಿಮ್ಮ ಸಾರಿನ ಪುಡಿಯ ಅಳತೆ ಯಾರಿಗೆ ಬೇಕಪ್ಪಾ? ಏನು ಮಾಡುತ್ತೀರಿ, ಅದು ಎಲ್ಲಿ ಕೈಕೊಡಬಹುದು, ಕೈಕೊಟ್ಟರೆ ಯಾರನ್ನು ಕೇಳಬೇಕು, ಈ ಮೂರನ್ನು ಓದಿದವರಿಗೆ ತಿಳಿಯುವ ಹಾಗೆ ಹೇಳಿ. ಇದೇನು ನಾನು ಹೊಸದಾಗಿ ಹುಟ್ಟಿಸಿದ ನೀತಿಯಲ್ಲ. ಈ ಕಸುಬಿನ ಹಿರಿಯನೆನಿಸಿಕೊಂಡ ಅಮೆರಿಕದ ಐವಿ ಲೀ 1906ರಲ್ಲಿ, ಕಲ್ಲಿದ್ದಲು ಗಣಿ ಮಾಲೀಕರ ಕೆಲಸ ಹಿಡಿದಿದ್ದಾಗ, ಪತ್ರಿಕೆಗಳಿಗೆ ಇದೇ ಮಾತು ಕೊಟ್ಟಿದ್ದ: ಕೆಲಸವೆಲ್ಲ ಬಹಿರಂಗ, ಸುದ್ದಿ ನಿಖರ, ಪರೀಕ್ಷಿಸಿ ನೋಡುವವರಿಗೆ ನೆರವು. ನೂರು ವರ್ಷ ದಾಟಿದರೂ ಆ ಮಾತು ಕಾಗದದ ಮೇಲೇ ಇದೆ.

ಈಗ ನಮ್ಮ ಊರುಗಳಿಂದ ಎಷ್ಟೋ ಹೆಣ್ಣುಮಕ್ಕಳು ಪತ್ರಿಕೋದ್ಯಮ ಓದಿ ಈ ಕೆಲಸಕ್ಕೆ ಸೇರುತ್ತಿದ್ದಾರೆ. ನಿಮ್ಮ ಮಗಳೋ ಸೊಸೆಯೋ ಅವರಲ್ಲಿದ್ದರೆ, ಸಂಜೆ ಕಾಫಿ ಕೊಡುವಾಗ ಒಂದು ಮಾತು ಕೇಳಿ: “ಇವತ್ತು ನೀನು ಬರೆದದ್ದು ನನಗೆ ಅರ್ಥ ಆಗುತ್ತೇನಮ್ಮಾ? ನಿಮ್ಮ ಸಾಮಾನು ಕೆಟ್ಟುಹೋಗಿ ನಾನೇ ಕಾಗದ ಬರೆದರೆ ಉತ್ತರ ಕೊಡ್ತೀರಾ?” ಅವಳು ತಡವರಿಸಿದರೆ ಬಿಡಬೇಡಿ. ಮರುದಿನ ಅದೇ ಪ್ರಶ್ನೆಯನ್ನು ಅವಳು ತನ್ನ ಮೇಲಿನವರಿಗೆ ಕೇಳಲಿ.