ತಿರುಗದ ಸಾಧನಕ್ಕೆ ತಿರುಗುವ ತಟ್ಟೆಯ ನಿಯಮವೇಕೆ?

ಕೊಳ್ಳೇಗಾಲದಲ್ಲಿ ನಾನು ಪಾಠ ಹೇಳುವ ಕಾಲೇಜಿನ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ, ಕೆಟ್ಟುಹೋದ ಗಣಕಯಂತ್ರವೊಂದರಿಂದ ಬಿಚ್ಚಿ ತೆಗೆದ ಹಾರ್ಡ್ ಡಿಸ್ಕ್ ಒಂದಿದೆ. ಭ್ರಮಣ ಚಲನೆಯ ಪಾಠ ಬಂದಾಗ ಅದನ್ನು ಮೇಜಿನ ಮೇಲಿಟ್ಟು ತೋರಿಸುವುದು ನನ್ನ ರೂಢಿ. ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ಮೇಲೆ ಚಾಚಿಕೊಂಡ ಸಣ್ಣ ತೋಳು, ತೋಳಿನ ತುದಿಯಲ್ಲಿ ಅಕ್ಷರಗಳನ್ನು ಓದುವ ತಲೆ. ಒಮ್ಮೆ ಹೀಗೆ ತೋರಿಸುತ್ತಿದ್ದಾಗ ಹನೂರಿನ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: “ಸರ್, ಈಗಿನ ಲ್ಯಾಪ್‌ಟಾಪುಗಳಲ್ಲಿ ಈ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಆದರೂ ನಮ್ಮ ಗಣಕವಿಜ್ಞಾನದ ಪುಸ್ತಕದಲ್ಲಿ ತೋಳನ್ನು ಹೇಗೆ ಓಡಾಡಿಸಬೇಕೆಂಬ ಲೆಕ್ಕವನ್ನೇ ಕೊಟ್ಟಿದ್ದಾರೆ. ಅದು ಏತಕ್ಕೆ?” ಗಂಟೆ ಹೊಡೆಯುವ ಸಮಯವಾಗಿತ್ತು. “ಪರೀಕ್ಷೆಗೆ ಬರುತ್ತದೆ, ಕಲಿತುಕೊ” ಎಂದುಬಿಟ್ಟೆ. ಹುಡುಗ ಸುಮ್ಮನೆ ಕುಳಿತ. ಆ ಉತ್ತರ ಅಧ್ಯಾಪಕನಾದವನಿಗೆ ತಕ್ಕುದಾಗಿರಲಿಲ್ಲ. ಅವನಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಮೊದಲು ಕರ್ನೆಲ್ ಎಂದರೇನೆಂಬುದನ್ನು ನೋಡೋಣ. ಗಣಕಯಂತ್ರದಲ್ಲಿ ನಾವು ಬಳಸುವ ಪ್ರೋಗ್ರಾಮುಗಳು ಸಾಮಾನ್ಯವಾಗಿ ಸಂಗ್ರಹಸಾಧನವನ್ನು ತಾವೇ ಮುಟ್ಟುವುದಿಲ್ಲ. “ಇದನ್ನು ಬರೆ”, “ಅದನ್ನು ಓದಿ ಕೊಡು” ಎಂದು ಕೋರಿಕೆ ಸಲ್ಲಿಸುತ್ತವೆ, ಅಷ್ಟೆ. ಆ ಕೋರಿಕೆಗಳನ್ನೆಲ್ಲ ಸ್ವೀಕರಿಸಿ, ಸಾಧನಕ್ಕೆ ತಲುಪಿಸಿ, ಬಂದ ಉತ್ತರವನ್ನು ಕೇಳಿದವರಿಗೆ ಒಪ್ಪಿಸುವ ಭಾರ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲ್‌ನದು.

ಹಾರ್ಡ್ ಡಿಸ್ಕಿನ ಕಾಲದಲ್ಲಿ ಈ ಕರ್ನೆಲ್ ಬಲು ವಿವೇಕದಿಂದ ನಡೆದುಕೊಂಡಿತು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಭಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಸರಿಯುವ ಕಾಲವನ್ನೂ ಸೇರಿಸಿದರೆ ಒಂದು ಕೋರಿಕೆಗೆ ಹೆಚ್ಚುಕಡಿಮೆ 10 ಮಿಲಿಸೆಕೆಂಡು ಹಿಡಿಯುತ್ತದೆ. ಆದುದರಿಂದ ಕರ್ನೆಲ್ ಕೋರಿಕೆಗಳನ್ನು ಬಂದ ಕ್ರಮದಲ್ಲಿ ಕಳುಹಿಸದೆ, ತೋಳಿನ ದಾರಿಗೆ ಅನುಗುಣವಾಗಿ ಜೋಡಿಸುತ್ತಿತ್ತು. ಕೊಳ್ಳೇಗಾಲದಿಂದ ಹನೂರು ಒಂದು ದಿಕ್ಕಿಗೆ, ಯಳಂದೂರು ಇನ್ನೊಂದು ದಿಕ್ಕಿಗೆ. ಎರಡೂ ಊರುಗಳಲ್ಲಿ ನಿಮಗೆ ಮೂರು ಮೂರು ಕೆಲಸಗಳಿವೆಯೆನ್ನಿ. ನೆನಪಾದ ಕ್ರಮದಲ್ಲಿ ಹನೂರಿಗೊಮ್ಮೆ, ಯಳಂದೂರಿಗೊಮ್ಮೆ ಬಸ್ಸು ಹತ್ತುತ್ತಿದ್ದರೆ ದಿನವೆಲ್ಲ ದಾರಿಯಲ್ಲೇ ಕಳೆದೀತು. ತಿಳಿದವರು ಹನೂರಿನ ಮೂರನ್ನೂ ಮುಗಿಸಿಕೊಂಡೇ ಯಳಂದೂರಿಗೆ ಹೊರಡುತ್ತಾರೆ. ಲಿಫ್ಟಿನ ಕ್ರಮವೆಂದು ಪುಸ್ತಕಗಳು ಹೇಳುವ ನಿಯಮದ ಹುರುಳು ಇಷ್ಟೆ.

ಇನ್ನೊಂದು ವಿವೇಕವೂ ಇತ್ತು. ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುವ ಸಂಸ್ಕಾರಕಕ್ಕೆ 10 ಮಿಲಿಸೆಕೆಂಡೆಂದರೆ 3 ಕೋಟಿ ಮಿಡಿತಗಳ ಕಾಲ. ಅಷ್ಟು ಹೊತ್ತು ಅದು ಸುಮ್ಮನೆ ಕುಳಿತಿರಬಾರದೆಂದು ಕರ್ನೆಲ್ ಅದಕ್ಕೆ ಬೇರೆ ಕೆಲಸ ಒಪ್ಪಿಸುತ್ತಿತ್ತು. ಡಿಸ್ಕಿನ ಕೆಲಸ ಮುಗಿದಾಗ ಇಂಟರಪ್ಟ್ ಎಂಬ ಸಂಜ್ಞೆ ಬಂದು ಅದನ್ನು ಎಚ್ಚರಿಸುತ್ತಿತ್ತು.

ಇನ್ನು ಇಂದಿನ ಎಸ್‌ಎಸ್‌ಡಿಯನ್ನು ನೋಡಿ. ಇದರಲ್ಲಿ ಚಲಿಸುವ ಭಾಗವೇ ಇಲ್ಲ. ಅವಾಹಕದ ತೆಳು ಪದರವನ್ನು ಕ್ವಾಂಟಮ್ ಸುರಂಗಕ್ರಿಯೆಯಿಂದ ದಾಟಿದ ಎಲೆಕ್ಟ್ರಾನುಗಳು ಸಣ್ಣ ಕೋಶಗಳಲ್ಲಿ ಸೆರೆಯಾಗಿ ನಿಲ್ಲುತ್ತವೆ. ಆ ವಿದ್ಯುದಂಶದ ಪ್ರಮಾಣವೇ ಬರೆಹ. ಇದನ್ನು ಓದಲು ಸುಮಾರು 100 ಮೈಕ್ರೊಸೆಕೆಂಡು ಸಾಕು, ಎಂದರೆ ಹಾರ್ಡ್ ಡಿಸ್ಕಿನ ನೂರರಲ್ಲೊಂದು ಪಾಲು. ಜೊತೆಗೆ ಅನೇಕ ಚಿಪ್ಪುಗಳು ಏಕಕಾಲದಲ್ಲಿ ದುಡಿಯಬಲ್ಲವು. ಸಾಟಾ ಡಿಸ್ಕುಗಳಿಗಾಗಿ ರೂಪಿಸಿದ ಹಿಂದಿನ ಏರ್ಪಾಡಿನಲ್ಲಿ 32 ಕೋರಿಕೆಗಳ ಒಂದೇ ಸಾಲು ಇದ್ದರೆ, 2011ರಲ್ಲಿ ಪ್ರಕಟವಾದ ಎನ್‌ವಿಎಂಇ ನಿಯಮಾವಳಿಯು 65,535 ಸಾಲುಗಳವರೆಗೂ, ಸಾಲೊಂದಕ್ಕೆ 65,536 ಕೋರಿಕೆಗಳವರೆಗೂ ಅವಕಾಶ ಕೊಟ್ಟಿತು.

ಆಗ ಹಳೆಯ ವಿವೇಕವೇ ಹೊರೆಯಾಯಿತು. ಅಮಾವಾಸ್ಯೆಯ ದಿನ ಮಲೆ ಮಹದೇಶ್ವರ ಬೆಟ್ಟಕ್ಕೆ ನೂರು ಬಸ್ಸುಗಳು ಸಿದ್ಧವಾಗಿ ನಿಂತಿದ್ದು, ಚೀಟಿ ಕೊಡುವ ಕಿಂಡಿ ಮಾತ್ರ ಒಂದೇ ಇದ್ದರೆ ಏನಾದೀತು? ಲಿನಕ್ಸ್ ಕರ್ನೆಲ್‌ನಲ್ಲಿ ಹಾಗೆಯೇ ಆಯಿತು. ಸಂಸ್ಕಾರಕದ ಎಲ್ಲ ತಿರುಳುಗಳೂ ಒಂದೇ ಸಾಲಿನ ಬೀಗಕ್ಕಾಗಿ ಕಾದು ನಿಲ್ಲಬೇಕಾಯಿತು. 2014ರಲ್ಲಿ ಹೊರಬಂದ 3.13ನೆಯ ಆವೃತ್ತಿಯಲ್ಲಿ ತಿರುಳಿಗೊಂದರಂತೆ ಸಾಲುಗಳನ್ನು ಕಲ್ಪಿಸುವ ಹೊಸ ಏರ್ಪಾಡು ಬಂದಿತು, 2019ರ 5.0ನೆಯ ಆವೃತ್ತಿಯಲ್ಲಿ ಒಂಟಿ ಸಾಲಿನ ಹಳೆಯ ದಾರಿಯನ್ನು ತೆಗೆದೇ ಹಾಕಿದರು.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ಕೋರಿಕೆಯನ್ನು ಸಾಗಿಸಲು ಕರ್ನೆಲ್‌ಗೆ 5 ಮೈಕ್ರೊಸೆಕೆಂಡು ಬೇಕೆಂದು ಭಾವಿಸೋಣ. ಹಾರ್ಡ್ ಡಿಸ್ಕಿನ 10,000 ಮೈಕ್ರೊಸೆಕೆಂಡಿನ ಮುಂದೆ ಅದು ಎರಡು ಸಾವಿರದಲ್ಲೊಂದು ಪಾಲು, ಲೆಕ್ಕಕ್ಕೇ ಇಲ್ಲ. ಆದರೆ 10 ಮೈಕ್ರೊಸೆಕೆಂಡಿನಲ್ಲಿ ಉತ್ತರಿಸುವ ಸಾಧನದ ಮುಂದೆ ಅದು ಅರ್ಧಪಾಲು! ಅಂಥಲ್ಲಿ ಸಂಸ್ಕಾರಕವನ್ನು ಬೇರೆ ಕೆಲಸಕ್ಕೆ ಕಳುಹಿಸಿ ಮತ್ತೆ ಕರೆತರುವುದಕ್ಕಿಂತ, “ಆಯಿತೆ? ಆಯಿತೆ?” ಎಂದು ಬಾಗಿಲಲ್ಲೇ ನಿಂತು ಕೇಳುತ್ತಿರುವುದು ಎಷ್ಟೋ ಸಲ ಲಾಭಕರ. 2019ರಲ್ಲಿ ಯೆನ್ಸ್ ಆಕ್ಸ್‌ಬೊ ಎಂಬವರು ಲಿನಕ್ಸಿಗೆ ತಂದ ಐಒ-ಯುರಿಂಗ್ ಎಂಬ ಏರ್ಪಾಡಿನಲ್ಲಿ, ಪ್ರೋಗ್ರಾಮೂ ಕರ್ನೆಲ್ಲೂ ಹಂಚಿಕೊಂಡ ಉಂಗುರಾಕಾರದ ಸಾಲುಗಳ ಮೂಲಕ ಹಲವು ಕೋರಿಕೆಗಳನ್ನು ಒಂದೇ ಕರೆಯಲ್ಲಿ ಒಪ್ಪಿಸಬಹುದು.

ಈ ಕೆಲಸವೆಲ್ಲ ಎಲ್ಲೋ ಕಡಲಾಚೆಯದೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಬಾರದು. ಬೆಂಗಳೂರಿನಲ್ಲಿರುವ ಸ್ಯಾಮ್‌ಸಂಗ್ ಸಂಸ್ಥೆಯ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರದ ಎಂಜಿನಿಯರುಗಳಾದ ಕಾಂಚನ್ ಜೋಶಿ, ಅನುಜ್ ಗುಪ್ತ ಮೊದಲಾದವರು, ಇದೇ ಐಒ-ಯುರಿಂಗ್ ಮೂಲಕ ಪ್ರೋಗ್ರಾಮು ತನ್ನ ಆದೇಶವನ್ನು ಕರ್ನೆಲ್‌ನ ಮಧ್ಯದ ಪದರಗಳನ್ನು ಬಿಟ್ಟು ಎನ್‌ವಿಎಂಇ ಸಾಧನಕ್ಕೆ ಕಳುಹಿಸುವ ದಾರಿಯೊಂದನ್ನು ರೂಪಿಸಿದರು. ಓದು, ಬರೆ ಎಂಬ ಹಳೆಯ ಅಚ್ಚಿಗೆ ಒಗ್ಗದ ಹೊಸ ಆದೇಶಗಳಿಗೆ ಇದರಿಂದ ಎಡೆ ದೊರೆಯಿತು. 2022ರ 5.19ನೆಯ ಆವೃತ್ತಿಯಲ್ಲಿ ಅದು ಲಿನಕ್ಸಿಗೆ ಸೇರಿತು. ಆಕ್ಸ್‌ಬೊ ಅವರೂ ಸೇರಿದಂತೆ ಅದನ್ನು ಕುರಿತು ಬರೆದ ಪ್ರಬಂಧವು 2024ರ ಫಾಸ್ಟ್ ಸಮ್ಮೇಳನದಲ್ಲಿ ಪ್ರಕಟವಾಯಿತು. ಲಿನಕ್ಸಿನ ಮೂಲಪಾಠ ಎಲ್ಲರಿಗೂ ತೆರೆದಿದೆ. ಯಳಂದೂರಿನ ಮನೆಯಲ್ಲಿ ಕುಳಿತವರೂ ಅದನ್ನು ಓದಬಹುದು.

ಹಾಗಾದರೆ ಲಿಫ್ಟಿನ ಕ್ರಮ ಸುಳ್ಳೆ? ಅಲ್ಲ. ಕಡಿಮೆ ಬೆಲೆಗೆ ಅಪಾರ ಮಾಹಿತಿಯನ್ನು ಇಡಬೇಕಾದ ಭಂಡಾರಗಳಲ್ಲಿ ಇಂದಿಗೂ ತಟ್ಟೆಗಳು ತಿರುಗುತ್ತಿವೆ. ಅಲ್ಲಿ ಕೋರಿಕೆಗಳನ್ನು ಜೋಡಿಸುವುದರಿಂದ ಪ್ರಯೋಜನವುಂಟು. ಬಾಗಿಲಲ್ಲಿ ನಿಂತು ಕೇಳುವ ಹೊಸ ಉಪಾಯವೂ ಸಂಸ್ಕಾರಕದ ಶ್ರಮವನ್ನು ತಿನ್ನುತ್ತದೆ; ನಿಧಾನವಾದ ಸಾಧನಕ್ಕೆ ಅದು ಸಲ್ಲದು. ಪ್ರತಿಯೊಂದು ನಿಯಮದ ಹಿಂದೆಯೂ ಒಂದು ಅಳತೆ ಇದೆ. ಅಳತೆ ಬದಲಾದರೆ ನಿಯಮವನ್ನು ಮತ್ತೆ ಪರೀಕ್ಷಿಸಬೇಕು.

ನನ್ನ ತಕರಾರು ಇರುವುದು ಇಲ್ಲಿಯೇ. ನಾವು ನಿಯಮವನ್ನು ಕಲಿಸುತ್ತೇವೆ, ಅಳತೆಯನ್ನು ಬಿಟ್ಟುಬಿಡುತ್ತೇವೆ. ತೋಳು ಎಷ್ಟು ಪಥಗಳನ್ನು ದಾಟಿತೆಂದು ಪರೀಕ್ಷೆಯಲ್ಲಿ ಕೂಡಿಸಿ ಬರೆಸುತ್ತೇವೆ. ಒಂದು ಪಥ ದಾಟಲು ಎಷ್ಟು ಹೊತ್ತು, ಆ ತೋಳು ಇಲ್ಲದಿದ್ದರೆ ಏನು ಎಂದು ಕೇಳುವುದಿಲ್ಲ. ಪೂರ್ಣ ಅಂಕ ಪಡೆದ ವಿದ್ಯಾರ್ಥಿ ಮುಂದೆ ಕೆಲಸಕ್ಕೆ ಸೇರಿ, ಇಲ್ಲದ ತೋಳಿಗಾಗಿ ದಾರಿ ಹುಡುಕಿದರೆ ತಪ್ಪು ಅವನದಲ್ಲ.

ಪಠ್ಯಕ್ರಮ ದೊಡ್ಡದು, ನಮ್ಮಂಥ ಊರುಗಳಲ್ಲಿ ಸಲಕರಣೆ ಕಡಿಮೆ ಎಂದು ಸಹೋದ್ಯೋಗಿಗಳು ಹೇಳಬಹುದು. ಆದರೆ ಬೇಕಾದುದು ಒಂದು ಹಳೆಯ ಹಾರ್ಡ್ ಡಿಸ್ಕ್, ಒಂದು ಎಸ್‌ಎಸ್‌ಡಿ, ಎರಡನ್ನೂ ಜೋಡಿಸಬಹುದಾದ ಒಂದು ಗಣಕಯಂತ್ರ, ಒಂದು ನಿಲುಗಡಿಯಾರ. ಸಾವಿರಾರು ಸಣ್ಣ ಕಡತಗಳನ್ನು ಎರಡರಿಂದಲೂ ಓದಿಸಿ ಕಾಲವನ್ನು ಅಳೆಯಿರಿ. ಅದೇ ಕೆಲಸವನ್ನು ಮರುಕ್ಷಣ ಇನ್ನೊಮ್ಮೆ ಮಾಡಿದರೆ ಹಾರ್ಡ್ ಡಿಸ್ಕೂ ಥಟ್ಟನೆ ಉತ್ತರಿಸಿದಂತೆ ಕಂಡೀತು. ಬೆರಗಾಗಬೇಡಿ, ಕರ್ನೆಲ್ ಮೊದಲ ಸಲ ಓದಿದುದರ ಪ್ರತಿಯನ್ನು ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿ ಅಳೆಯಬೇಕು. ಹೀಗೆ ಎಡವಿ ಕಲಿತ ವಿದ್ಯಾರ್ಥಿಗೆ ಕರ್ನೆಲ್ ಎಂಬುದು ಪುಸ್ತಕದ ಪದವಾಗಿ ಉಳಿಯಲಾರದು.

ಬರುವ ವರ್ಷ ಭ್ರಮಣ ಚಲನೆಯ ಪಾಠಕ್ಕೆ ಆ ಹಾರ್ಡ್ ಡಿಸ್ಕಿನ ಪಕ್ಕದಲ್ಲಿ ಒಂದು ಎಸ್‌ಎಸ್‌ಡಿಯನ್ನೂ ಇಡಲು ನಿಶ್ಚಯಿಸಿದ್ದೇನೆ. ಯಾರಾದರೂ ಎದ್ದು ಅದೇ ಪ್ರಶ್ನೆಯನ್ನು ಕೇಳಿದರೆ, ಗಂಟೆ ಹೊಡೆದರೂ ಸರಿಯೆ, ಅಳೆದು ನೋಡಿಯೇ ಹೊರಡುವೆವು.